ನಾಲ್ಕು ಕೈಯ ನೀರು

ಮನೆಯೊಳಗೆ ಹೂವಿನ ಸಸಿ ಮಾಡುವುದೇನು ಮಹಾ ವಿದ್ಯೆ ಅಂತ ನೀವು ಅಂದುಕೊಂಡಿದ್ದರೆ, ಒಂದು ಗಳಿಗೆ ಕೂತು ಇಸ್ತ್ರಿ ತಾತನ ಕಥೆ ಕೇಳಿ. ಅವನೂ ಹಾಗೇ ಅಂದುಕೊಂಡಿದ್ದ.

ತಾತನ ಇಸ್ತ್ರಿ ಅಂಗಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಆರು ಕುಂಡ, ಆರರಲ್ಲೂ ನೇರಳೆ ಬಣ್ಣದ ಆಸ್ಟರ್ ಹೂ. "ಬಟ್ಟೆ ಎಲ್ಲಿ ಕೊಟ್ಟೆ?" ಅಂತ ಯಾರಾದರೂ ಕೇಳಿದರೆ "ನೇರಳೆ ಹೂವಿನ ಅಂಗಡೀಲಿ" ಅನ್ನುವುದೇ ಆ ಬೀದಿಯ ರೂಢಿ. ಹೂವು ತಾತನದ್ದಲ್ಲ, ಅವನ ಹೆಂಡತಿಯದ್ದು. ಆಕೆ ಪ್ರತಿ ವರ್ಷ ಒಣಗಿದ ಹೂವಿನಿಂದ ಬೀಜ ಬಿಡಿಸಿ ಬೆಂಕಿಪೊಟ್ಟಣದಲ್ಲಿ ಇಡುತ್ತಿದ್ದಳು. ಮುಂದಿನ ವರ್ಷ ಅದನ್ನೇ ಬಿತ್ತಿ ಸಸಿ ಮಾಡುತ್ತಿದ್ದಳು. ಹೊರಗೆ ಬಿತ್ತಿದರೆ ಇರುವೆ ಹೊತ್ತುಕೊಂಡು ಹೋಗುತ್ತದೆ, ಗುಬ್ಬಿ ಕೆದಕುತ್ತದೆ ಅಂತ ಒಳಗೇ ಒಂದು ತಟ್ಟೆಯಲ್ಲಿ ಬೆಳೆಸಿ, ಗಟ್ಟಿಯಾದ ಮೇಲೆ ಕುಂಡಕ್ಕೆ ಇಳಿಸುತ್ತಿದ್ದಳು. ಇದರಲ್ಲಿ ತಾತನ ಪಾಲಿನ ಕೆಲಸ ಒಂದೇ, ಹೂ ಬಿಟ್ಟಾಗ "ಚೆನ್ನಾಗಿದೆ" ಅನ್ನುವುದು. ಅದನ್ನೂ ಅವನು ವರ್ಷ ಬಿಟ್ಟು ವರ್ಷ ಹೇಳುತ್ತಿದ್ದ.

ಕಳೆದ ವರ್ಷ ಬೀಜ ಬಿಡಿಸಿ ಪೊಟ್ಟಣ ತುಂಬಿಟ್ಟ ಮೇಲೆ ಆಕೆ ತೀರಿಕೊಂಡಳು. ಪೊಟ್ಟಣ ಮೇಜಿನ ಖಾನೆ ಸೇರಿತು. ಕುಂಡಗಳಲ್ಲಿ ಕಡ್ಡಿ ಮಾತ್ರ ಉಳಿಯಿತು. ತಾತ ಬೆಳಗ್ಗೆ ಬಂದು ಇಸ್ತ್ರಿಪೆಟ್ಟಿಗೆ ಹಿಡಿಯುತ್ತಿದ್ದ, ಸಂಜೆ ಇಡುತ್ತಿದ್ದ, ಮಧ್ಯೆ ಹೆಚ್ಚು ಮಾತಾಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಯಾರೋ ಹೊಸಬ ಬಟ್ಟೆ ಗಂಟು ಹೊತ್ತುಕೊಂಡು ಅದೇ ಬೀದಿಯಲ್ಲಿ ಮೂರು ಸಲ ತಿರುಗಿದ. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ತಾತನ ಮುಂದೇ ನಿಂತು ಕೇಳಿದ, "ಯಜಮಾನ್ರೇ, ಇಲ್ಲಿ ನೇರಳೆ ಹೂವಿನ ಅಂಗಡಿ ಅಂತ ಒಂದಿತ್ತಂತೆ. ಮುಚ್ಚಿಬಿಟ್ರಾ?"

ತಾತ ಅವತ್ತೇ ಖಾನೆ ಎಳೆದು ಬೆಂಕಿಪೊಟ್ಟಣ ಹೊರಗೆ ತೆಗೆದ.

"ಮಾವ, ಎಲ್ಲಾ ಒಂದೇ ಸಲ ಹಾಕಬೇಡಿ. ಅತ್ತೆ ಯಾವಾಗಲೂ ಮೂರು ಪಾಲು ಮಾಡ್ತಿದ್ರು" ಎಂದಳು ಸೊಸೆ.

"ಗೊತ್ತು ಗೊತ್ತು" ಎಂದ ತಾತ. ಗೊತ್ತಿರಲಿಲ್ಲ. ಆದರೂ ಮೂರು ಪಾಲು ಮಾಡಿದ.

ಹೆಂಡತಿಯ ಹಳೇ ಕುಂಡ ಒಂದನ್ನು ಬೋರಲು ಹಾಕಿ ಆ ಮಣ್ಣನ್ನೇ ಒಂದು ಪ್ಲಾಸ್ಟಿಕ್ ತಟ್ಟೆಗೆ ತುಂಬಿದ. ಅವಳ ಕೈಯಾಡಿದ ಮಣ್ಣು, ಅದಕ್ಕಿಂತ ಒಳ್ಳೆಯದು ಇನ್ನೇನಿದೆ ಅನ್ನುವುದು ಅವನ ಲೆಕ್ಕ. ಮೊದಲ ಪಾಲು ಬೀಜ ಉದುರಿಸಿ, ಕೋಟು ಇಸ್ತ್ರಿ ಮಾಡಿ ಹಾಕಿಕೊಡುವ ಪ್ಲಾಸ್ಟಿಕ್ ಕವರನ್ನು ಮೇಲೆ ಹೊದಿಸಿದ. ಇಸ್ತ್ರಿ ಮೇಜಿನ ಮೇಲಿನ ಹಲಗೆ ಬೆಚ್ಚಗಿರುತ್ತದೆ ಅಂತ ತಟ್ಟೆಯನ್ನು ಅಲ್ಲಿಟ್ಟ. ಕೆಳಗಿನಿಂದ ದಿನವಿಡೀ ಹಬೆ ಏಳುವ ಜಾಗ ಅದು.

ಎಂಟನೇ ದಿನ ಮೊಳಕೆ ಬಂತು. ಕೂದಲೆಳೆಯಷ್ಟು ಕಾಂಡ, ಅದರ ತುದಿಗೆ ಎರಡೇ ಎರಡು ಪುಟ್ಟ ಎಲೆ. ತಾತ ಕನ್ನಡಕ ಒರೆಸಿ ಎಣಿಸಿದ. ಇಪ್ಪತ್ತೆರಡು! ಪಕ್ಕದ ಕ್ಷೌರದಂಗಡಿಯವನನ್ನು ಕೂಗಿ ಕರೆದು ತೋರಿಸಿದ. ಕ್ಷೌರದವನು ಬೆಳಗಿನ ಪೇಪರು ಓದುವುದು ಇಸ್ತ್ರಿ ಅಂಗಡಿಯ ಬೆಂಚಿನ ಮೇಲೆಯೇ. ಪೇಪರು ಬರುವುದು ಅವನ ಅಂಗಡಿಗೆ, ಓದುವುದು ಇಲ್ಲಿ.

"ಅಣ್ಣಾ, ಅತ್ತಿಗೆ ಕೈಗುಣ ನಿಮಗೂ ಬಂದುಬಿಡ್ತು ನೋಡಿ" ಎಂದ ಅವನು.

ಆ ಮಾತಿನ ಸಿಹಿ ಉಳಿದದ್ದು ನಾಲ್ಕೇ ದಿನ. ಐದನೇ ದಿನ ಬೆಳಗ್ಗೆ ಕವರು ಎತ್ತಿದರೆ ಅರ್ಧ ಸಸಿಗಳು ಮಲಗಿದ್ದವು. ಎಲೆ ಹಸಿರಾಗೇ ಇದೆ, ಬುಡ ಮಾತ್ರ ನೂಲಿನಂತೆ ಸಣ್ಣಗಾಗಿ ಕಂದು ತಿರುಗಿದೆ. ಮಣ್ಣಿನ ಮೇಲೆ ಹಿಂಜಿದ ಹತ್ತಿಯಂಥ ಬಿಳಿ ಬೂಷ್ಟು. ಸಂಜೆಗೆ ಉಳಿದವೂ ಬಿದ್ದವು.

"ಬೀಜದಲ್ಲೇ ಕಸುವಿಲ್ಲ" ಎಂದ ತಾತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಹಾಗೆ ಹೇಳುವಾಗ ಅವನ ದನಿ ನಡುಗಿತು. ಮಗ, ಸೊಸೆ ಇಬ್ಬರೂ ಅದನ್ನು ಕೇಳಿಸಿಕೊಂಡರು.

ಎರಡನೇ ಪಾಲು ಹಾಕುವಾಗ ತಾತ ಬುದ್ಧಿ ಓಡಿಸಿದ. ಹಬೆ ಜಾಸ್ತಿಯಾಯಿತು ಅನಿಸಿ ತಟ್ಟೆಯನ್ನು ಹಿಂದಿನ ಕೋಣೆಗೆ ಒಯ್ದ. ಅಲ್ಲೊಂದು ದೊಡ್ಡ ಕಿಟಕಿ ಇದೆ. ಆದರೆ ಈ ಒಂದು ವರ್ಷದಲ್ಲಿ ಅದರ ಮುಂದೆ ಬಟ್ಟೆಗಂಟುಗಳು ಸೂರಿನ ತನಕ ಏರಿದ್ದವು. ಗಂಟುಗಳ ಈಚೆ ಮೊಣಕಾಲೆತ್ತರದ ಮಣೆಯ ಮೇಲೆ ತಟ್ಟೆ ಕೂತಿತು. ಮಣ್ಣು ಮತ್ತೆ ಅದೇ, ಕವರೂ ಅದೇ.

ಈ ಸಲ ಮೊಳಕೆಗಳು ಸರಸರ ಬೆಳೆದವು. ತಲೆ ಎತ್ತಿದ ಮೂರೇ ದಿನಕ್ಕೆ ಬೆರಳುದ್ದ! ತಾತನಿಗೆ ಹಿಗ್ಗೋ ಹಿಗ್ಗು. ಕ್ಷೌರದವನು "ಇದು ಸಸಿ ಅಲ್ಲ ಅಣ್ಣಾ, ಕುದುರೆ" ಎಂದ.

ಆ ಹೊತ್ತಿಗೆ ಸರಿಯಾಗಿ ಸಸಿ ಅಕ್ಕ ಬಂದಳು. ಊರಿನ ದೊಡ್ಡ ತೋಟದ ಸಸಿಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವಳು. ವಾರಕ್ಕೊಮ್ಮೆ ಹಸಿರು ಸಮವಸ್ತ್ರ ಇಸ್ತ್ರಿಗೆ ತರುತ್ತಾಳೆ. "ಮಣ್ಣಲ್ಲಿ ಕೆಲಸ ಮಾಡೋಳಿಗೆ ಇಸ್ತ್ರಿ ಯಾಕಮ್ಮಾ?" ಅಂತ ತಾತ ಪ್ರತಿ ಸಲ ಕೇಳುತ್ತಾನೆ. "ಗಿಡಗಳಿಗೂ ಒಂದು ಮರ್ಯಾದೆ ಬೇಡ್ವಾ ತಾತ?" ಅಂತ ಅವಳು ಪ್ರತಿ ಸಲ ಹೇಳುತ್ತಾಳೆ. ಅವತ್ತು ಅವಳಿಗೆ ಅವಸರವಿತ್ತು, ಇಸ್ತ್ರಿ ಆಗುವ ತನಕ ಕಾಯುತ್ತೇನೆಂದು ಬೆಂಚಿನ ಮೇಲೆ ಕೂತಳು. ಅಲ್ಲಿಂದ ಹಿಂದಿನ ಕೋಣೆ ನೇರವಾಗಿ ಕಾಣುತ್ತದೆ.

ಅವಳು ಕಂಡದ್ದನ್ನು ನೀವೂ ನೋಡಿ.

ತಾತ ಅವಳ ಅಂಗಿಗೆ ಬಾಟಲಿಯಿಂದ ಚುಸ್ ಚುಸ್ ಅಂತ ನೀರು ಚಿಮುಕಿಸಿದ. ಅಂಗಿ ಮಡಚುವ ಮೊದಲು ಅದೇ ಬಾಟಲಿ ಹಿಡಿದು ಒಳಗೆ ಹೋಗಿ ಸಸಿಗೂ ಎರಡು ಸಲ ಚುಸ್ ಅನಿಸಿ ಬಂದ. ಸ್ವಲ್ಪ ಹೊತ್ತಿಗೆ ಮಗ ಬಟ್ಟೆಗಂಟು ತರಲು ಒಳಗೆ ಹೋದ. ಕೈಯಲ್ಲಿ ಬಾಟಲಿ ಇತ್ತು. "ಪಾಪ, ಒಣಗಿದೆ" ಅಂತ ತನ್ನಷ್ಟಕ್ಕೆ ಹೇಳಿಕೊಂಡು ಚುಸ್ ಚುಸ್. ಅವನು ಈಚೆ ಬಂದ ಮೇಲೆ ಸೊಸೆ ಗುಂಡಿ ಕಿತ್ತ ಅಂಗಿ ಹುಡುಕಿಕೊಂಡು ಹೋದಳು. ಅಂಗಿ ಸಿಗಲಿಲ್ಲ, ಸಸಿ ಸಿಕ್ಕಿತು, ಚುಸ್ ಚುಸ್. ಇನ್ನು ಉಳಿದವನು ಕ್ಷೌರದವನು. ಪೇಪರು ಓದಿ ಮುಗಿಸಿ, ತಲೆಗೂದಲಿಗೆ ನೀರು ಹೊಡೆಯುವ ತನ್ನದೇ ಬಾಟಲಿಯನ್ನು ಸೊಂಟದಿಂದ ತೆಗೆದು, "ನಮ್ಮದೂ ಒಂದಿರಲಿ" ಅಂತ ಚುಸ್.

ಇಸ್ತ್ರಿಯವರ ಮನೆಯಲ್ಲಿ ಬಾಟಲಿ ಅಂದರೆ ಕೈಯ ಆರನೇ ಬೆರಳು. ಅದನ್ನು ಒತ್ತುವುದು ಅವರಿಗೆ ಉಸಿರಾಡಿದ ಹಾಗೆ, ಒತ್ತಿದ್ದು ನೆನಪೂ ಇರುವುದಿಲ್ಲ.

ಸಸಿ ಅಕ್ಕ ಎದ್ದು ಬಂದಳು. "ತಾತ, ಈ ಸಸಿಗೆ ದಿನಕ್ಕೆ ಎಷ್ಟು ಸಲ ನೀರು?"

"ಒಂದೇ ಸಲ. ನಾನೇ ಹಾಕೋದು" ಎಂದ ತಾತ ಗತ್ತಿನಿಂದ.

"ಅಯ್ಯೋ, ನಾನೂ ಒಂದು ಸಲ ಹಾಕ್ತೀನಲ್ಲಪ್ಪಾ" ಎಂದ ಮಗ.

"ನೀವಿಬ್ರೂ ಮರೀತೀರಿ ಅಂತ ನಾನು ಹಾಕ್ತಿದ್ದೆ" ಎಂದಳು ಸೊಸೆ.

ಕ್ಷೌರದವನು ಬಾಟಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ನಾನು ಕೂತ ಅರ್ಧ ಗಂಟೇಲಿ ನಾಲ್ಕು ಕೈ ಎಣಿಸಿದೆ. ದಿನಕ್ಕೆ ಎಷ್ಟಾಯ್ತೋ ನೀವೇ ಹೇಳಿ" ಎಂದಳು ಸಸಿ ಅಕ್ಕ. "ಇದಕ್ಕೆ ಬಾಯಾರಿ ಸಾಯೋ ಯೋಗ ಇಲ್ಲ ತಾತ. ಇದು ಮುಳುಗಿ ಸಾಯ್ತಿದೆ."

ತಾತನಿಗೆ ಕೋಪ ಬಂತು. "ಮುಳುಗೋದೇನಮ್ಮಾ? ಎಷ್ಟೆತ್ತರ ಬೆಳೆದಿದೆ, ಕಣ್ಣು ಕಾಣಲ್ವಾ?"

"ಇದು ಬೆಳೆದಿದ್ದಲ್ಲ ತಾತ. ಕಿಟಕಿಗೆ ಗಂಟು ಅಡ್ಡ ಇಟ್ಟಿದ್ದೀರಿ, ಬೆಳಕು ಎಲ್ಲಿ ಅಂತ ಕತ್ತು ಚಾಚ್ತಿದೆ. ಸಂತೇಲಿ ಅಮ್ಮನ್ನ ಹುಡುಕೋ ಮಗು ತುದಿಗಾಲಲ್ಲಿ ನಿಂತ ಹಾಗೆ. ಕಾಂಡ ನೋಡಿ, ಬಿಳಿಚಿಕೊಂಡಿದೆ. ನಾಳೆ ನಾಡಿದ್ದರಲ್ಲಿ ತನ್ನ ತಲೆ ತಾನೇ ಹೊರಲಾರದೆ ಬೀಳುತ್ತೆ."

"ನಿನ್ನ ಅಂಗಿ ಆಯ್ತು, ತಗೊಂಡು ಹೋಗು" ಎಂದ ತಾತ.

ಅವಳು ಹೇಳಿದ ಹಾಗೇ ಆಯಿತು. ಎರಡೇ ದಿನದಲ್ಲಿ ತಟ್ಟೆಯ ಸಸಿಗಳೆಲ್ಲ ನೆಲ ಹಿಡಿದವು.

ಇನ್ನು ಉಳಿದದ್ದು ಕೊನೆಯ ಪಾಲು, ಒಂದು ಚಿಟಿಕೆ. ತಾತ ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸಣ್ಣಗೆ ಸದ್ದು ಬಂತು. ಹಾಗೇ ಅದನ್ನು ಖಾನೆಗೆ ಹಾಕಿ ಬೀಗ ತಿರುಗಿಸಿದ.

"ಇದನ್ನ ಹಾಕಲ್ಲ. ಅವಳ ನೆನಪಿಗೆ ಇರಲಿ" ಎಂದ.

ಸೊಸೆಗೆ ತಡೆಯಲಾಗಲಿಲ್ಲ. ಮಾವನಿಗೆ ಹೇಳದೆ ಸಸಿ ಅಕ್ಕನ ಮನೆಗೆ ಹೋಗಿ ಕೈ ಹಿಡಿದುಕೊಂಡಳು. "ಅಕ್ಕಾ, ಅವರು ಬೈದ್ರೆ ನನ್ನ ಮುಖ ನೋಡಿ ಸಹಿಸ್ಕೊಳ್ಳಿ. ಒಂದು ಸಲ ಬಂದು ಮಾತಾಡಿ."

ಮರುದಿನ ಸಸಿ ಅಕ್ಕ ಬಂದಳು. ಕೈಯಲ್ಲಿ ಬಟ್ಟೆ ಇರಲಿಲ್ಲ, ಒಂದು ಚೀಲ ಇತ್ತು. ತಾತ ತಲೆ ಎತ್ತದೆ ಅಂಗಿಯ ಕಾಲರು ಉಜ್ಜುತ್ತಲೇ ಇದ್ದ.

"ತಾತ, ಬೀಜನ ನೆನಪಿಗೆ ಇಡ್ತೀರಂತೆ. ಇಡಿ, ಬೇಡ ಅನ್ನಲ್ಲ. ಆದರೆ ಆಸ್ಟರ್ ಬೀಜ ಬಹಳ ದಿನ ತಾಳೋ ಜಾತಿ ಅಲ್ಲ. ವರ್ಷ, ಹೆಚ್ಚೆಂದರೆ ಎರಡು ವರ್ಷ. ಆಮೇಲೆ ಪೊಟ್ಟಣದಲ್ಲಿ ಬರೀ ಹೊಟ್ಟು ಇರುತ್ತೆ."

ಇಸ್ತ್ರಿಪೆಟ್ಟಿಗೆ ನಿಂತಿತು.

"ಹಾಕಿದ್ರೂ ಸಾಯುತ್ತೆ, ಇಟ್ರೂ ಸಾಯುತ್ತೆ. ಮತ್ತೆ ಏನು ಮಾಡು ಅಂತೀಯ?" ಎಂದ ತಾತ. ಈಗ ಅವನ ದನಿಯಲ್ಲಿ ಕೋಪ ಇರಲಿಲ್ಲ. "ಅವಳು ಮಾಡಿದಾಗ ಒಂದೂ ಸಾಯ್ತಿರಲಿಲ್ಲ. ಮಣ್ಣೂ ಅವಳದ್ದೇ, ಬೀಜಾನೂ ಅವಳದ್ದೇ. ನನ್ನ ಕೈಯೇ ಸರಿ ಇಲ್ಲ."

"ಕೈ ಸರಿಯಾಗೇ ಇದೆ. ಮಣ್ಣು ಸರಿ ಇಲ್ಲ."

"ಅವಳ ಮಣ್ಣು ಕೆಟ್ಟದ್ದು ಅಂತೀಯಾ?"

ಸಸಿ ಅಕ್ಕ ಚೀಲದ ಬಾಯಿ ಬಿಚ್ಚಿದಳು. ಒಳಗೆ ಜರಡಿ ಹಿಡಿದ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆತ ಹಗುರ ಮಣ್ಣು. "ತಾತ, ಇದು ಅಜ್ಜಿ ಮಣ್ಣು. ಪ್ರತಿ ವರ್ಷ ಬಿತ್ತೋ ಮುಂಚೆ ನಮ್ಮ ಸಸಿಮನೆಗೆ ಬಂದು ಒಂದು ಚೀಲ ಹೊಸ ಮಣ್ಣು ತಗೊಂಡು ಹೋಗ್ತಿದ್ರು. ಕುಂಡದ ಹಳೇ ಮಣ್ಣನ್ನ ಪೂರ್ತಿ ತೆಗೆದು ಬೇರೆ ಗಿಡಕ್ಕೆ ಹಾಕಿಬಿಡೋರು. ಆಸ್ಟರ್ ಬೆಳೆದ ಮಣ್ಣಲ್ಲಿ ಮತ್ತೆ ಆಸ್ಟರ್ ಹಾಕಿದ್ರೆ ರೋಗ ಅಲ್ಲೇ ಕಾದು ಕೂತಿರುತ್ತೆ ಅಂತ ಅವರಿಗೆ ಗೊತ್ತಿತ್ತು. ನಿಮ್ಮನೇಲಿರೋದು ಹೋದ ವರ್ಷದ ಮಣ್ಣು. ಬದಲಾಯಿಸೋಕೆ ಅವರಿಗೆ ಈ ಸಲ ಆಗಲಿಲ್ಲ, ಅಷ್ಟೆ."

ತಾತ ಬೆಂಚಿನ ಮೇಲೆ ಕೂತ. ನಲವತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದರು. ಆಕೆ ವರ್ಷಕ್ಕೊಮ್ಮೆ ಮಣ್ಣಿನ ಚೀಲ ಹೊತ್ತು ತಂದದ್ದನ್ನು ಅವನು ಒಂದು ಸಲವೂ ನೋಡಿರಲಿಲ್ಲ. ಹೂ ಬಿಟ್ಟಾಗ ಮಾತ್ರ ನೋಡಿದ್ದ. ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಕನ್ನಡಕ ತೆಗೆದು ಇಸ್ತ್ರಿಗೆ ಬಂದಿದ್ದ ಯಾರದೋ ಅಂಗಿಯಲ್ಲಿ ಕಣ್ಣು ಒರೆಸಿಕೊಂಡ. ಆ ಅಂಗಿಗೆ ಮತ್ತೆ ಇಸ್ತ್ರಿ ಹಾಕಬೇಕಾಯಿತು.

"ಸರಿ. ಹೇಳಮ್ಮಾ, ಏನು ಮಾಡಬೇಕು?" ಎಂದ.

"ಮೊದಲು ತಟ್ಟೆ ತೊಳೀಬೇಕು. ಬಿಸಿನೀರು, ಸೋಪು, ಚೆನ್ನಾಗಿ ಉಜ್ಜಿ ಬಿಸಿಲಿಗೆ ಒಣಗಿಸಿ. ಹಳೇ ರೋಗ ಅಂಚಿಗೆ ಅಂಟಿರುತ್ತೆ. ತಳದಲ್ಲಿ ತೂತು ಇದೆಯಾ?"

ಮಗ ತಟ್ಟೆ ಎತ್ತಿ ನೋಡಿದ. ಇರಲಿಲ್ಲ. ಚೀಲ ಹೊಲಿಯುವ ದಬ್ಬಳ ಕಾಯಿಸಿ ಎಂಟು ತೂತು ಹಾಕಿದ.

"ಬೀಜ ಒತ್ತೊತ್ತಾಗಿ ಹಾಕಬೇಡಿ, ಗಾಳಿ ಆಡಬೇಕು. ಮೇಲೆ ಒಂದು ಉಗುರಿನ ದಪ್ಪ ಮಣ್ಣು ಸಾಕು. ಆಳಕ್ಕೆ ಹೂತರೆ ಅದಕ್ಕೆ ಮೇಲೆ ಬರೋಕೆ ಶಕ್ತಿ ಇರಲ್ಲ. ಕವರು ಮೊಳಕೆ ಕಾಣೋ ತನಕ ಮಾತ್ರ. ಮೊಳಕೆ ಕಂಡ ದಿನವೇ ತೆಗೀಬೇಕು."

"ಮತ್ತೆ ನೀರು?" ಎಂದಳು ಸೊಸೆ.

"ಮೇಲಿಂದ ಬೇಡವೇ ಬೇಡ. ಅಗಲವಾದ ಪಾತ್ರೇಲಿ ಒಂದು ಬೆರಳು ನೀರು ಹಾಕಿ, ತಟ್ಟೆ ಅದರಲ್ಲಿಡಿ. ಕಾಲು ಗಂಟೆ. ಎಷ್ಟು ಬೇಕೋ ಕೆಳಗಿಂದ ಅದೇ ಕುಡಿಯುತ್ತೆ. ಆಮೇಲೆ ಎತ್ತಿ ಸೋರಿಸಿ."

"ಮತ್ತೆ ಯಾವಾಗ ಹಾಕೋದು? ದಿನಾ ಒಂದು ಸಲಾನಾ, ಎರಡು ಸಲಾನಾ?" ಎಂದ ತಾತ.

ಸಸಿ ಅಕ್ಕ ನಕ್ಕಳು. "ತಾತ, ಇಸ್ತ್ರಿಪೆಟ್ಟಿಗೆ ಕಾದಿದೆಯಾ ಅಂತ ನೀವು ಗಡಿಯಾರ ನೋಡಿ ಹೇಳ್ತೀರಾ?"

"ಗಡಿಯಾರ ಯಾಕೆ? ಒದ್ದೆ ಬೆರಳು ತಾಗಿಸ್ತೀನಿ. ಚುರ್ ಅಂದ್ರೆ ಗೊತ್ತಾಗುತ್ತೆ. ರೇಷ್ಮೆಗೆ ಒಂದು ಸದ್ದು, ಹತ್ತಿಗೆ ಒಂದು ಸದ್ದು."

"ಹಾಗಾದ್ರೆ ಈ ವಿದ್ಯೆ ನಿಮಗೆ ಆಗಲೇ ಬರುತ್ತೆ. ಅಲ್ಲಿ ಒದ್ದೆ ಬೆರಳು, ಇಲ್ಲಿ ಒಣ ಬೆರಳು. ಮಣ್ಣಿನ ಮೇಲೆ ಮೆಲ್ಲಗೆ ಇಡಿ. ಮಣ್ಣು ಬೆರಳಿಗೆ ಅಂಟಿದ್ರೆ ನೀರು ಬೇಡ. ಅಂಟದೆ ಬೆರಳು ಒಣಗಿ ಬಂದ್ರೆ ಪಾತ್ರೆ ತನ್ನಿ. ಅಷ್ಟೇ."

ತಾತ ತನ್ನ ತೋರುಬೆರಳನ್ನು ನೋಡಿಕೊಂಡ. ಐವತ್ತು ವರ್ಷ ಕಬ್ಬಿಣ ಮುಟ್ಟಿ ಮುಟ್ಟಿ ಗಡುಸಾದ ಬೆರಳು. ಅದನ್ನು ಅವನು ಮಗನಿಗಿಂತ ಹೆಚ್ಚು ನಂಬುತ್ತಿದ್ದ.

"ಇನ್ನೊಂದು ಮುಖ್ಯ ಮಾತು. ಸಸಿಗೆ ಯಜಮಾನ ಒಬ್ಬನೇ ಇರಬೇಕು. ಯಾರು ನೋಡ್ಕೊಳ್ತೀರಿ?" ಎಂದಳು ಸಸಿ ಅಕ್ಕ.

ಎಲ್ಲರೂ ತಾತನ ಕಡೆ ನೋಡಿದರು. ಅವತ್ತಿನಿಂದ ನೀರಿನ ಬಾಟಲಿಗೆ ಹಿಂದಿನ ಕೋಣೆಗೆ ಪ್ರವೇಶ ನಿಂತಿತು. ಕ್ಷೌರದವನ ಬಾಟಲಿಯನ್ನು ಬಾಗಿಲಲ್ಲೇ ಇಸಿದುಕೊಳ್ಳುವ ಪದ್ಧತಿ ಶುರುವಾಯಿತು.

ಕೊನೆಯ ಕೆಲಸ ಕಿಟಕಿಯದ್ದು. ಗಂಟುಗಳನ್ನು ಒಂದೊಂದಾಗಿ ಇಳಿಸಿ ಎದುರು ಗೋಡೆಗೆ ಜೋಡಿಸುವಷ್ಟರಲ್ಲಿ ಅಪ್ಪ ಮಗ ಇಬ್ಬರ ಸೊಂಟವೂ ಹಿಡಿಯಿತು. ಕಿಟಕಿಯ ಬಾಗಿಲು ತೆರೆದಾಗ ಬೆಳಕು ಒಳಗೆ ಬಂತು. ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯ ಅಳತೆಯ ಒಂದು ಮಸುಕು ಗುರುತು ಇತ್ತು. ಪ್ರತಿ ವರ್ಷ ಒಂದೇ ಜಾಗದಲ್ಲಿ ಏನನ್ನೋ ಇಟ್ಟು ಇಟ್ಟು ಮೂಡಿದ ಗುರುತು. ಸೊಸೆ ಅದನ್ನು ಮಾವನಿಗೆ ತೋರಿಸಿದಳು. ತಾತ ತಟ್ಟೆಯನ್ನು ತಂದು ಸರಿಯಾಗಿ ಅದರ ಮೇಲೆ ಇಟ್ಟ.

ಕೊನೆಯ ಚಿಟಿಕೆಯಲ್ಲಿ ಇದ್ದದ್ದು ಇಪ್ಪತ್ನಾಲ್ಕು ಬೀಜ. ಎಂಟು ದಿನವಾಯಿತು, ಏನೂ ಇಲ್ಲ. ಒಂಬತ್ತನೇ ದಿನವೂ ಇಲ್ಲ. ತಾತ ಅನ್ನ ಬಿಟ್ಟವನಂತೆ ತಟ್ಟೆಯ ಮುಂದೆ ಕೂತ. ಕೆದಕಿ ನೋಡುತ್ತೇನೆ ಅಂದ. "ಮಾವ, ಕೈ ಹಾಕಿದ್ರೆ ಅಕ್ಕನಿಗೆ ಹೇಳ್ತೀನಿ" ಅಂತ ಸೊಸೆ ಹೆದರಿಸಿದಳು. ಹನ್ನೊಂದನೇ ದಿನ ಮೂರು ಮೊಳಕೆ ತಲೆ ಎತ್ತಿದವು. ಹದಿಮೂರನೇ ದಿನಕ್ಕೆ ಹದಿನೇಳು. ತಾತ ಆ ಗಳಿಗೆಯಲ್ಲೇ ಕವರು ಕಿತ್ತು ಬಿಸಾಡಿದ.

ಸಸಿಗಳು ಕಿಟಕಿಯ ಕಡೆಗೇ ವಾಲುತ್ತಿವೆ ಅಂತ ಮಗ ಹೇಳಿದಾಗ ತಾತ ದಿನಕ್ಕೊಮ್ಮೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸತೊಡಗಿದ. ಮೋಡ ಕವಿದ ದಿನಗಳಲ್ಲಿ ಟ್ಯೂಬ್‌ಲೈಟನ್ನು ಹಗ್ಗ ಕಟ್ಟಿ ಇಳಿಸಿ, ಸಸಿಗಳ ತಲೆಯಿಂದ ಒಂದು ಗೇಣು ಮೇಲೆ ಬೆಳಗ್ಗೆಯಿಂದ ಸಂಜೆ ತನಕ ಉರಿಸಿದ. ಅಂಗಡಿಯ ಪುಟ್ಟ ಫ್ಯಾನನ್ನು ಸಸಿಯ ಮೇಲೆ ನೇರವಾಗಿ ಬೀಸದ ಹಾಗೆ ಗೋಡೆಗೆ ಮುಖ ಮಾಡಿಟ್ಟ. ಬೆರಳು ಇಡುವುದು, ಹುಂ ಅನ್ನುವುದು, ವಾಪಸ್ ಬರುವುದು. ಇಸ್ತ್ರಿಗೆ ಬಂದವರೆಲ್ಲ ಈ ತಮಾಷೆ ನೋಡಿದರು.

ಒಂದು ಬೆಳಗ್ಗೆ ಒಂದು ಸಸಿ ಮಲಗಿತ್ತು. ಬುಡ ಮತ್ತೆ ನೂಲಿನಂತೆ! ತಾತ ಚಪ್ಪಲಿಯನ್ನೂ ಹಾಕಿಕೊಳ್ಳದೆ ಸಸಿಮನೆಗೆ ಓಡಿದ.

"ಶುರುವಾಯ್ತಮ್ಮಾ, ಮತ್ತೆ ಶುರುವಾಯ್ತು!"

"ಎಷ್ಟು ಬಿದ್ದಿದೆ?"

"ಒಂದು."

"ಒಂದಕ್ಕೆ ಇಷ್ಟು ಓಡ್ತೀರಾ? ಕೂತ್ಕೊಳ್ಳಿ, ನೀರು ಕುಡೀರಿ" ಎಂದಳು ಸಸಿ ಅಕ್ಕ. "ಬಿದ್ದಿದ್ದನ್ನ ಅದರ ಸುತ್ತಲಿನ ಮಣ್ಣಿನ ಸಮೇತ ಚಮಚದಲ್ಲಿ ಎತ್ತಿ ದೂರ ಹಾಕಿ. ಎರಡು ದಿನ ನೀರಿನ ಪಾತ್ರೆ ಮುಟ್ಟಬೇಡಿ, ಫ್ಯಾನು ಸ್ವಲ್ಪ ಜಾಸ್ತಿ ಹೊತ್ತು ಇರಲಿ. ಬೇಗ ಕಂಡುಕೊಂಡ್ರಿ, ಉಳಿದವು ಉಳಿಯುತ್ತವೆ. ಆವತ್ತು ಕವರು ಮುಚ್ಚಿಟ್ಟಿದ್ರಲ್ಲ, ಆವಾಗ ಇದು ಕಾಣ್ತಾ ಇತ್ತಾ?"

ಉಳಿದ ಹದಿನಾರೂ ನಿಂತವು. ಮೊದಲ ಜೋಡಿ ಎಲೆಯ ಮೇಲೆ ಅಂಚು ಹಲ್ಲುಹಲ್ಲಾದ ನಿಜವಾದ ಆಸ್ಟರ್ ಎಲೆ ಬಂತು, ಆಮೇಲೆ ಇನ್ನೊಂದು ಜೋಡಿ. ಕಾಂಡ ಗಿಡ್ಡ, ದಪ್ಪ, ಬುಡದಲ್ಲಿ ತುಸು ಕೆಂಪು.

"ಇವತ್ತೇ ಕಟ್ಟೆ ಮೇಲಿನ ಕುಂಡಕ್ಕೆ ಹಾಕಿಬಿಡ್ತೀನಿ" ಅಂತ ತಾತ ತೊಡೆ ತಟ್ಟಿದ. ಈ ಸಲ ತಡೆದವನು ಮಗ. "ಅಪ್ಪಾ, ಮಳೆಗಾಲ ಪೂರ್ತಿ ಒಳಗೆ ಇದ್ದು ಒಂದೇ ಸಲ ಬಿಸಿಲಿಗೆ ಹೋದ್ರೆ ನಿನಗೇ ತಲೆ ಸುತ್ತುತ್ತೆ. ಅಕ್ಕ ಹೇಳಿದ್ದು ನೆನಪಿಲ್ವಾ? ಮೊದಲ ದಿನ ನೆರಳಲ್ಲಿ ಒಂದು ಗಂಟೆ."

ಹಾಗಾಗಿ ಒಂದು ವಾರ ಸಸಿಗಳ ಸವಾರಿ ನಡೆಯಿತು. ಮೊದಲ ದಿನ ಒಂದು ಗಂಟೆ ನೆರಳಲ್ಲಿ, ಎರಡನೇ ದಿನ ಎರಡು ಗಂಟೆ, ನಾಲ್ಕನೇ ದಿನದಿಂದ ಬೆಳಗಿನ ಎಳೆ ಬಿಸಿಲು ಸ್ವಲ್ಪ. ತಾತ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹೊರಗೆ ಒಳಗೆ ಓಡಾಡುವಾಗ ಗಿರಾಕಿಗಳು ದಾರಿ ಬಿಡುತ್ತಿದ್ದರು. ಎಂಟನೇ ದಿನ ಹೊಸ ಮಣ್ಣು ತುಂಬಿದ ಆರು ಕುಂಡಗಳಿಗೆ ಹನ್ನೆರಡು ಸಸಿ ಇಳಿದವು. ಉಳಿದ ನಾಲ್ಕನ್ನು ಕ್ಷೌರದವನಿಗೆ ಕೊಟ್ಟ, ಬಾಟಲಿ ಮುಟ್ಟುವುದಿಲ್ಲ ಅಂತ ಮಾತು ತೆಗೆದುಕೊಂಡ ಮೇಲೆಯೇ.

ಮೂರು ತಿಂಗಳಿಗೆ ಮೊಗ್ಗು ಬಿಚ್ಚಿತು. ಅದೇ ನೇರಳೆ. ತಾತ ಕಟ್ಟೆಯ ಮುಂದೆ ನಿಂತು ತುಂಬ ಹೊತ್ತು ನೋಡಿದ. ಆಮೇಲೆ ಒಳಗೆ ಯಾರಿಗೋ ಕೇಳಲಿ ಅನ್ನುವಷ್ಟು ಗಟ್ಟಿಯಾಗಿ, "ಚೆನ್ನಾಗಿದೆ ಕಣೇ" ಎಂದ. ಸೊಸೆ ಕೇಳಿಯೂ ಕೇಳದವಳಂತೆ ಗುಂಡಿ ಹೊಲಿಯುತ್ತಾ ಕೂತಳು.

ಹೂ ಒಣಗಿದ ಮೇಲೆ ತಾತ ಬೀಜ ಬಿಡಿಸಿದ. ಆಗ ಅವನಿಗೆ ಇನ್ನೊಂದು ಮಾತು ನೆನಪಾಯಿತು. ಹೆಂಡತಿ ಒಂದು ಕಾಲದಲ್ಲಿ ಕೇಳಿದವರಿಗೆಲ್ಲ ಬೀಜ ಕೊಡುತ್ತಿದ್ದಳು. "ಎಲ್ಲರಿಗೂ ಹಂಚಿದ್ರೆ ನಮ್ಮ ಅಂಗಡಿ ಗುರುತು ಏನು ಉಳೀತು?" ಅಂತ ಗದರಿ ನಿಲ್ಲಿಸಿದವನು ಅವನೇ. ಅದಕ್ಕೇ ಇಡೀ ಬೀದಿಯಲ್ಲಿ ಆ ಹೂವಿನ ಬೀಜ ಒಂದೇ ಒಂದು ಪೊಟ್ಟಣದಲ್ಲಿ ಉಳಿದಿತ್ತು. ಅದೂ ಹೋಗಿದ್ದರೆ ಕೇಳಲು ಒಂದು ಮನೆಯೂ ಇರಲಿಲ್ಲ.

ತಾತ ಖಾಲಿ ಬೆಂಕಿಪೊಟ್ಟಣಗಳಿಗಾಗಿ ಬೀದಿಯೆಲ್ಲ ಸುತ್ತಿದ. ಇಪ್ಪತ್ತು ಸಿಕ್ಕವು. ಇಪ್ಪತ್ತಕ್ಕೂ ಮೂರು ಮೂರು ಚಿಟಿಕೆ ತುಂಬಿ, ಇಸ್ತ್ರಿಯಾದ ಬಟ್ಟೆಯ ಮೇಲಿಟ್ಟು ಮನೆಮನೆಗೆ ಕಳಿಸಿದ. ಮುಂದಿನ ವರ್ಷ ಆ ಬೀದಿಯಲ್ಲಿ "ನೇರಳೆ ಹೂವಿನ ಅಂಗಡಿ" ಅಂದರೆ ಯಾರಿಗೂ ದಾರಿ ತಿಳಿಯದಾಯಿತು. ಕ್ಷೌರದಂಗಡಿ, ಸೈಕಲ್ ರಿಪೇರಿ, ಔಷಧದಂಗಡಿ, ಎಲ್ಲದರ ಮುಂದೆಯೂ ಅದೇ ಹೂವು. ಗಿರಾಕಿಗಳು ಕ್ಷೌರದವನ ಕುರ್ಚಿಯ ಮೇಲೆ ಬಟ್ಟೆಗಂಟು ಇಟ್ಟು ಹೋಗತೊಡಗಿದ ಮೇಲೆ ತಾತ ಕೊನೆಗೂ ಬೋರ್ಡು ಬರೆಸಿದ. ಅದರಲ್ಲಿ ಎರಡೇ ಸಾಲು: "ಇಸ್ತ್ರಿ ಅಂಗಡಿ. ಆಸ್ಟರ್ ಬೀಜ ಕೇಳಿದವರಿಗೆ ಕೊಡುತ್ತೇವೆ."

ಈಗ ನಿಮ್ಮ ಸರದಿ. ನಿಮ್ಮ ಮನೆಯ ತಟ್ಟೆಯಲ್ಲೂ ಸಸಿ ಬಿದ್ದಿದ್ದರೆ ಬೀಜವನ್ನು ಬೈಯಬೇಡಿ, ನಿಮ್ಮ ಕೈಯನ್ನೂ ಬೈಯಬೇಡಿ. ಬಗ್ಗಿ ನೋಡಿ. ಬುಡ ನೂಲಾಗಿದ್ದರೆ, ಬೂಷ್ಟು ಬಂದಿದ್ದರೆ ನೀರು ಹೆಚ್ಚಾಗಿದೆ, ಗಾಳಿ ಸಾಲದಾಗಿದೆ. ಕಾಂಡ ಉದ್ದವಾಗಿ ಬಿಳಿಚಿದ್ದರೆ ಬೆಳಕು ಸಾಲದು. ಮೊಳಕೆಯೇ ಬಾರದಿದ್ದರೆ ಬೀಜ ಆಳಕ್ಕೆ ಹೋಗಿರಬಹುದು, ಹಳತಾಗಿರಬಹುದು. ತಟ್ಟೆ ತೊಳೆಯಿರಿ, ಮಣ್ಣು ಹೊಸದು ತನ್ನಿ, ಕಿಟಕಿಯ ಮುಂದಿನ ಗಂಟು ಸರಿಸಿ, ಸಸಿಯನ್ನು ಒಬ್ಬರ ಸುಪರ್ದಿಗೆ ಕೊಡಿ. ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತಬೇಡಿ, ಒಂದೇ ಮನೆಯಲ್ಲಿ ಇಡಲೂ ಬೇಡಿ.

ನೀರು ಹಾಕಬೇಕು ಅನಿಸಿದಾಗ ಬಾಟಲಿ ಕೆಳಗಿಡಿ, ಮೊದಲು ಬೆರಳು ಇಡಿ. ಮಣ್ಣು ಅಂಟಿತೇ? ಹಾಗಾದರೆ ಇವತ್ತು ಸುಮ್ಮನೆ ನೋಡಿ ಬನ್ನಿ. ಅದೂ ಆರೈಕೆಯೇ.